ಗುರುವೂ ಅವರೇ, ಸಂಬಳ ಕೊಡುವವರೂ ಅವರೇ

ಏಪ್ರಿಲ್ ಮೊದಲ ವಾರ ಅಕ್ಕನ ಮಗಳು ಎರಡು ಪತ್ರಗಳ ಫೋಟೊ ಕಳಿಸಿದಳು. ಎರಡೂ ಅಮೆರಿಕದ ವಿಶ್ವವಿದ್ಯಾಲಯಗಳಿಂದ ಬಂದ ಪಿಎಚ್‌.ಡಿ ಅಡ್ಮಿಷನ್ ಪತ್ರಗಳು. ಒಂದರಲ್ಲಿ ರಸಾಯನಶಾಸ್ತ್ರ ವಿಭಾಗ ಅವಳಿಗೆ ಟೀಚಿಂಗ್ ಅಸಿಸ್ಟೆಂಟ್ (ಟಿಎ) ಕೆಲಸ ಕೊಡುತ್ತೇವೆ ಎಂದಿದೆ. ಇನ್ನೊಂದರಲ್ಲಿ ಒಬ್ಬ ಪ್ರೊಫೆಸರ್ ಮೊದಲ ದಿನದಿಂದಲೇ ತಮ್ಮ ಲ್ಯಾಬಿನಲ್ಲಿ ರಿಸರ್ಚ್ ಅಸಿಸ್ಟೆಂಟ್ (ಆರ್‌ಎ) ಆಗಿ ಸೇರಿಸಿಕೊಳ್ಳುವುದಾಗಿ ಬರೆದಿದ್ದಾರೆ. ದುಡ್ಡೂ ಸ್ವಲ್ಪ ಹೆಚ್ಚು. ಫೋಟೊಗಳ ಕೆಳಗೆ ಒಂದೇ ಸಾಲು: ‘ಮಾಮ, ಆರ್‌ಎನೇ ತಗೋಬೇಕು ಅಲ್ವಾ?’

‘ಹೌದು’ ಎಂದು ಟೈಪ್ ಮಾಡಿ ಅಳಿಸಿದೆ. ಅವಳ ವಯಸ್ಸಿನಲ್ಲಿ ನಾನೂ ಹೌದು ಅಂತಲೇ ಹೇಳುತ್ತಿದ್ದೆ. ಟಿಎ ಎಂದರೆ ಬೇರೆಯವರ ರೆಕಾರ್ಡ್ ತಿದ್ದುವ ಕೂಲಿ, ಆರ್‌ಎ ಎಂದರೆ ನಿಜವಾದ ವಿಜ್ಞಾನ ಎಂದು ನಾವೆಲ್ಲ ನಂಬಿದ್ದೆವು. ಸೀನಿಯರ್‌ಗಳು ಟಿಎ ಬಿಟ್ಟು ಆರ್‌ಎಗೆ ಹೋದರೆ ಬಡ್ತಿ ಸಿಕ್ಕಿತು ಎಂದೇ ಲೆಕ್ಕ. 2011ರಲ್ಲಿ ಹೋದವನು ನಾನು. ಎರಡು ವರ್ಷ ಟಿಎ, ಆಮೇಲೆ ಎರಡು ವರ್ಷ ಆರ್‌ಎ, ಮತ್ತೆ ಕೊನೆಯವರೆಗೂ ಟಿಎ. ಎರಡೂ ಮನೆಯ ಅನ್ನ ಉಂಡು ಬಂದಿದ್ದೇನೆ. ಹಾಗಾಗಿ ಒಂದು ಪದದಲ್ಲಿ ಮುಗಿಯಬೇಕಿದ್ದ ಉತ್ತರ ಇಷ್ಟು ಉದ್ದವಾಯಿತು.

ಅಕ್ಕನ ಪ್ರಶ್ನೆಯೇ ಬೇರೆ. ‘ಓದೋಕೆ ಹೋದವಳಿಗೆ ಅವರು ಯಾಕೋ ದುಡ್ಡು ಕೊಡ್ತಾರೆ? ಬಾಂಡು ಗೀಂಡು ಏನಾದ್ರೂ ಬರೆಸ್ಕೊಳ್ತಾರಾ ನೋಡು.’ ಅವಳ ಅನುಮಾನದಲ್ಲಿ ಬಹಳ ವಿವೇಕವಿದೆ. ನೆಂಟರಿಷ್ಟರೆಲ್ಲ ‘ಸ್ಕಾಲರ್‌ಶಿಪ್ ಸಿಕ್ಕಿದೆಯಂತೆ’ ಎಂದು ಸಂತೋಷಪಡುತ್ತಿರುವಾಗ, ಪುಕ್ಕಟೆ ಯಾರೂ ಏನೂ ಕೊಡುವುದಿಲ್ಲ ಎಂದು ಯೋಚಿಸಿದವಳು ಅವಳೊಬ್ಬಳೇ. ಬಾಂಡ್ ಇಲ್ಲ. ಆದರೆ ಅದು ಸ್ಕಾಲರ್‌ಶಿಪ್ ಕೂಡ ಅಲ್ಲ. ಅದು ಕೆಲಸ, ಅದಕ್ಕೆ ಸಂಬಳ. ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಮೊದಲ ವರ್ಷದ ಕೆಮಿಸ್ಟ್ರಿಗೆ ನೂರಾರು, ಕೆಲವು ಕಡೆ ಸಾವಿರಾರು ಹುಡುಗರು ಸೇರುತ್ತಾರೆ. ಅವರ ಲ್ಯಾಬ್ ನಡೆಸಲು, ಉತ್ತರಪತ್ರಿಕೆ ನೋಡಲು ಪ್ರೊಫೆಸರ್‌ಗಳು ಸಾಲುವುದಿಲ್ಲ. ಇನ್ನೊಂದು ಕಡೆ, ಸರ್ಕಾರದಿಂದ ಗ್ರಾಂಟ್, ಅಂದರೆ ಸಂಶೋಧನೆಗೆ ಹಣ ತಂದ ಪ್ರೊಫೆಸರ್‌ಗೆ ಪ್ರಯೋಗ ಮಾಡುವ ಕೈಗಳು ಬೇಕು. ಈ ಎರಡು ಅಗತ್ಯಗಳ ಮೇಲೆ ಅಲ್ಲಿನ ಪಿಎಚ್‌.ಡಿ ವ್ಯವಸ್ಥೆ ನಿಂತಿದೆ. ಕೆಲಸಕ್ಕೆ ಬದಲಾಗಿ ತಿಂಗಳ ಸ್ಟೈಪೆಂಡ್, ಟ್ಯೂಷನ್ ಶುಲ್ಕದ ಮಾಫಿ, ಬಹುತೇಕ ಕಡೆ ಆರೋಗ್ಯ ವಿಮೆ.

ನಿಜವಾದ ಫೆಲೋಶಿಪ್‌ಗಳೂ ಇವೆ. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ 1952ರಿಂದ ಸಂಶೋಧನಾ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತಾ ಬಂದಿದೆ. ಈಚಿನ ವರ್ಷಗಳಲ್ಲಿ ವರ್ಷಕ್ಕೆ 37,000 ಡಾಲರ್‌ನಂತೆ ಮೂರು ವರ್ಷ. ಆ ಹಣ ವಿದ್ಯಾರ್ಥಿಯ ಹೆಸರಿನಲ್ಲೇ ಇರುತ್ತದೆ. ಯಾವ ಲ್ಯಾಬ್, ಯಾವ ಸಮಸ್ಯೆ ಎಂದು ಆತ ತಾನೇ ಆರಿಸಿಕೊಳ್ಳಬಹುದು. ಆದರೆ ಅದು ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಹೋಗುವ ನಮ್ಮ ಮಕ್ಕಳಿಗೆ ಆ ಬಾಗಿಲು ಮುಚ್ಚಿದೆ. ಹೀಗಾಗಿ ನಮಗೆ ಉಳಿಯುವುದು ಹೆಚ್ಚಾಗಿ ಟಿಎ, ಆರ್‌ಎ ಎರಡೇ. ಈ ಎರಡರ ನಡುವಿನ ವ್ಯತ್ಯಾಸ ಅಮೆರಿಕದ ಹುಡುಗನಿಗಿಂತ ನಮಗೆ ಹೆಚ್ಚು ಮುಖ್ಯವಾಗುವುದು ಇದರಿಂದಲೇ.

ನನ್ನ ಪತ್ರದಲ್ಲಿ ‘0.50 ಎಫ್‌ಟಿಇ’ ಎಂದಿತ್ತು. ಪೂರ್ಣಾವಧಿ ಕೆಲಸದ ಅರ್ಧ, ಅಂದರೆ ವಾರಕ್ಕೆ 20 ಗಂಟೆ. ವೀಸಾ ನಿಯಮವೂ ಅದನ್ನೇ ಹೇಳುತ್ತದೆ: ತರಗತಿಗಳು ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ಆ ಸಂಖ್ಯೆಯನ್ನು ನಾನು ಮೊದಲು ಗಂಭೀರವಾಗಿ ತೆಗೆದುಕೊಳ್ಳಲೇ ಇಲ್ಲ. ಅದರ ಬೆಲೆ ತಿಳಿದದ್ದು ನಾಲ್ಕು ವರ್ಷ ಕಳೆದ ಮೇಲೆ.

ಟಿಎ ಕೆಲಸದಲ್ಲಿ ಆ ಇಪ್ಪತ್ತು ಗಂಟೆಗಳನ್ನು ಎಣಿಸಬಹುದಿತ್ತು. ನನಗೆ ಎರಡು ಲ್ಯಾಬ್ ಸೆಕ್ಷನ್, ಒಂದೊಂದರಲ್ಲಿ 24 ಹುಡುಗರು. ಮೂರು ಗಂಟೆಯ ಲ್ಯಾಬ್ ಎರಡು, ಅಲ್ಲಿಗೆ ಆರು. ಸೋಮವಾರದ ಟಿಎ ಮೀಟಿಂಗ್ ಒಂದು ಗಂಟೆ, ಹುಡುಗರು ಬಂದು ಅನುಮಾನ ಕೇಳುವ ಆಫೀಸ್ ಅವರ್ಸ್ ಎರಡು. 48 ಲ್ಯಾಬ್ ರಿಪೋರ್ಟ್ ತಿದ್ದಲು ಒಂದಕ್ಕೆ ಹತ್ತು ನಿಮಿಷ ಹಿಡಿದರೂ ಎಂಟು ಗಂಟೆ. ಒಟ್ಟು ಹದಿನೇಳು. ಮಿಕ್ಕ ಮೂರು ಗಂಟೆ ಮುಂದಿನ ಪ್ರಯೋಗವನ್ನು ನಾನೇ ಮೊದಲು ಮಾಡಿ ನೋಡಲು, ‘ನನಗೆ ಎರಡು ಮಾರ್ಕ್ಸ್ ಯಾಕೆ ಹೋಯಿತು’ ಎಂಬ ಇಮೇಲ್‌ಗಳಿಗೆ ಉತ್ತರಿಸಲು. ಪರೀಕ್ಷೆಯ ವಾರ 28 ಗಂಟೆ ಆಗುತ್ತಿತ್ತು, ರಜೆಯ ಮುಂಚಿನ ವಾರ ಹತ್ತು. ಆದರೆ ಶುಕ್ರವಾರ ಸಂಜೆ ಮಾರ್ಕ್ಸ್ ಅಪ್‌ಲೋಡ್ ಮಾಡಿದರೆ ಆ ವಾರದ ಕೆಲಸ ಮುಗಿದಂತೆ. ಆಮೇಲಿನ ಸಮಯ ನನ್ನದು.

ಆ ಕೆಲಸ ಸಿಗುವ ಮೊದಲು ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕಿತ್ತು. ಹೊರದೇಶದ ಟಿಎಗಳ ಮಾತು ಅರ್ಥವಾಗುವುದಿಲ್ಲ ಎಂಬ ದೂರುಗಳು ಬಂದು, 1980ರ ದಶಕದಿಂದ ಹಲವು ರಾಜ್ಯಗಳು ಪಾಠ ಹೇಳುವವರ ಇಂಗ್ಲಿಷ್ ಬಗ್ಗೆ ಕಾನೂನನ್ನೇ ಮಾಡಿವೆ. ಕನ್ನಡ ಮೀಡಿಯಂನಲ್ಲಿ ಹತ್ತನೆಯವರೆಗೆ ಓದಿದ ನನಗೆ ಆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಪಾಸಾದೆ. ಆದರೂ ಮೊದಲ ಲ್ಯಾಬಿನಲ್ಲಿ, ಬ್ಯುರೆಟ್ ಹಿಡಿದು ಟೈಟ್ರೇಷನ್ ತೋರಿಸುವಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೂರು ಸಲ ‘ಮತ್ತೆ ಹೇಳಿ’ ಎಂದಳು. ಮೂರನೆಯ ಸಲ ಮಾತು ಬಿಟ್ಟು, ಅವಳ ಬೆಂಚಿಗೇ ಹೋಗಿ, ಒಂದು ಹನಿ ಹೆಚ್ಚಾದರೆ ಗುಲಾಬಿ ಬಣ್ಣ ಹೇಗೆ ಗಾಢವಾಗುತ್ತದೆ ಎಂದು ತೋರಿಸಿದೆ. ಸೆಮಿಸ್ಟರ್ ಕೊನೆಗೆ ಅವಳ ಫ್ಲಾಸ್ಕಿನಲ್ಲಿ ಬಂದ ತಿಳಿ ಗುಲಾಬಿ ಇಡೀ ಸೆಕ್ಷನ್ನಿನಲ್ಲಿ ಯಾರಿಗೂ ಬರಲಿಲ್ಲ. ಪಾಠ ಹೇಳುವುದನ್ನು ನಾನು ಕಲಿತದ್ದು ಆ ಬೆಂಚಿನ ಹತ್ತಿರ.

ಇಷ್ಟಿದ್ದೂ ಎರಡನೇ ವರ್ಷದ ಕೊನೆಗೆ ನನ್ನ ಅಡ್ವೈಸರ್ (ಸಂಶೋಧನೆಯ ಮಾರ್ಗದರ್ಶಕರು) ‘ಗ್ರಾಂಟ್ ಬಂದಿದೆ, ಇನ್ನು ನೀನು ಆರ್‌ಎ’ ಎಂದಾಗ ಮನೆಗೆ ಫೋನ್ ಮಾಡಿ ಹೇಳಿದ್ದೆ, ಬಡ್ತಿಯ ಸುದ್ದಿ ಹೇಳುವ ಹಾಗೆ.

ಆರ್‌ಎ ಹಣ ಹೇಗೆ ಹರಿಯುತ್ತದೆ ಎಂದು ಅವತ್ತು ನನಗೆ ಗೊತ್ತಿರಲಿಲ್ಲ. ಪ್ರೊಫೆಸರ್ ಒಂದು ಪ್ರಸ್ತಾವ ಬರೆಯುತ್ತಾರೆ. ಅದು ಒಪ್ಪಿಗೆಯಾದರೆ ಸಾಮಾನ್ಯವಾಗಿ ಮೂರು ವರ್ಷ, ಆರೋಗ್ಯ ಸಂಶೋಧನೆಯ ದೊಡ್ಡ ಗ್ರಾಂಟ್ ಆದರೆ ನಾಲ್ಕೈದು ವರ್ಷದ ಹಣ ಬರುತ್ತದೆ. ಒಬ್ಬ ವಿದ್ಯಾರ್ಥಿಯನ್ನು ಇಟ್ಟುಕೊಂಡರೆ ಅವನ ಸ್ಟೈಪೆಂಡ್, ವಿಮೆ, ಟ್ಯೂಷನ್ ಎಲ್ಲ ಅದರಿಂದಲೇ ಹೋಗಬೇಕು. ಅದರ ಮೇಲೆ ವಿಶ್ವವಿದ್ಯಾಲಯ ಕಟ್ಟಡ, ಕರೆಂಟು, ಕಚೇರಿಯ ಖರ್ಚಿಗೆಂದು ಓವರ್‌ಹೆಡ್ ಹಿಡಿಯುತ್ತದೆ. ಟ್ಯೂಷನ್ನಿಗೆ ಅದು ಅನ್ವಯಿಸದಿದ್ದರೂ ಸ್ಟೈಪೆಂಡಿಗೆ ಅನ್ವಯಿಸುತ್ತದೆ, ಅನೇಕ ಕಡೆ ಶೇ 50ಕ್ಕೂ ಹೆಚ್ಚು. ವಿದ್ಯಾರ್ಥಿಯ ಕೈಗೆ ಬರುವುದರ ಎರಡು ಪಟ್ಟು ಹಣ ಗ್ರಾಂಟಿನಿಂದ ಹೋಗುವುದು ಅಪರೂಪವಲ್ಲ. ಇದೆಲ್ಲ ತಿಳಿದ ಮೇಲೆ ನನ್ನ ಅಡ್ವೈಸರ್ ರಾತ್ರಿ ಹನ್ನೊಂದಕ್ಕೆ ಇಮೇಲ್ ಮಾಡಿ ‘ಇವತ್ತಿನ ಡೇಟಾ ಬಂತಾ?’ ಎಂದು ಏಕೆ ಕೇಳುತ್ತಿದ್ದರು ಎಂಬುದು ಅರ್ಥವಾಯಿತು. ಅವರ ಕೆಲಸವೂ ಆ ಗ್ರಾಂಟಿನ ಗಡಿಯಾರಕ್ಕೇ ಕಟ್ಟಿಕೊಂಡಿತ್ತು.

ಆರ್‌ಎ ಆದ ಮೇಲೂ ಪತ್ರದಲ್ಲಿ ಇದ್ದದ್ದು ಅದೇ 0.50, ಅದೇ 20 ಗಂಟೆ. ಆದರೆ ಎಣಿಸುವುದು ಹೇಗೆ? ಬೆಳಿಗ್ಗೆ ಒಂಬತ್ತಕ್ಕೆ ಫ್ಲಾಸ್ಕ್ ಹಚ್ಚಿದರೆ ರಾತ್ರಿ ಎಂಟಕ್ಕೆ ಇಳಿಸುತ್ತಿದ್ದೆ. ಅದರಲ್ಲಿ ಗ್ರಾಂಟಿನ ಕೆಲಸ ಎಷ್ಟು, ನನ್ನ ಥೀಸಿಸ್ ಎಷ್ಟು? ಎರಡೂ ಒಂದೇ ಫ್ಲಾಸ್ಕಿನಲ್ಲಿ ಕುದಿಯುತ್ತಿದ್ದವು. ಶನಿವಾರ ಹೋಗದಿದ್ದರೆ ನಾನು ರಜೆ ಹಾಕಿದ ನೌಕರನೋ, ಓದಿನಲ್ಲಿ ಆಸಕ್ತಿ ಕಳೆದುಕೊಂಡ ವಿದ್ಯಾರ್ಥಿಯೋ? ಯಾರೂ ನನ್ನನ್ನು ಗದರಿಸಲಿಲ್ಲ. ಗದರಿಸುವ ಅಗತ್ಯವೇ ಇರಲಿಲ್ಲ. ವಾರಕ್ಕೆ ಅರವತ್ತು ಗಂಟೆ ಕೆಲಸ ಮಾಡಿದರೂ ಅದು ನನ್ನದೇ ಡಿಗ್ರಿಗೆ ತಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈ ಗೊಂದಲ ನನ್ನೊಬ್ಬನದಲ್ಲ ಎಂದು ಬಹಳ ತಡವಾಗಿ ಓದಿ ತಿಳಿದುಕೊಂಡೆ. 1974ರಲ್ಲಿ ಸ್ಟ್ಯಾನ್‌ಫರ್ಡ್‌ನ ಭೌತಶಾಸ್ತ್ರದ ಸಂಶೋಧನಾ ಸಹಾಯಕರು ಯೂನಿಯನ್ ಕಟ್ಟಲು ಹೊರಟಾಗ, ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ ಒಪ್ಪಲಿಲ್ಲ: ನೀವು ಮಾಡುತ್ತಿರುವುದು ನಿಮ್ಮ ಡಿಗ್ರಿಯ ಸಂಶೋಧನೆ, ಹಾಗಾಗಿ ನೀವು ನೌಕರರಲ್ಲ ಎಂದಿತು. 2000ದಲ್ಲಿ ಅದೇ ಮಂಡಳಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಟಿಎಗಳನ್ನು ನೌಕರರೆಂದು ಒಪ್ಪಿತು. 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮತ್ತೆ ಇಲ್ಲ ಎಂದಿತು. 2016ರ ಆಗಸ್ಟ್‌ನಲ್ಲಿ ಕೊಲಂಬಿಯಾ ಪ್ರಕರಣದಲ್ಲಿ, ಹೌದು, ಗ್ರಾಂಟಿನ ಹಣದಲ್ಲಿ ದುಡಿಯುವ ಆರ್‌ಎಗಳೂ ಸೇರಿ ಎಲ್ಲರೂ ನೌಕರರೇ ಎಂದಿತು. ಇದೆಲ್ಲ ಖಾಸಗಿ ವಿಶ್ವವಿದ್ಯಾಲಯಗಳ ಮಾತು. ನಾನಿದ್ದಂಥ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನು. ಫೆಡರಲ್ ಗ್ರಾಂಟುಗಳ ಲೆಕ್ಕದ ನಿಯಮಗಳಂತೂ, ಸಂಶೋಧನೆಯಲ್ಲಿ ತೊಡಗಿದ ವಿದ್ಯಾರ್ಥಿಗೆ ಕಲಿಯುವವನು ಮತ್ತು ನೌಕರ ಎಂಬ ಎರಡು ಪಾತ್ರಗಳಿವೆ ಎಂದು ನೇರವಾಗಿಯೇ ಹೇಳುತ್ತವೆ. ಇಷ್ಟು ದೊಡ್ಡವರಿಗೇ ಬಿಡಿಸಲಾಗದ ಗಂಟನ್ನು ಇಪ್ಪತ್ತೆರಡು ವರ್ಷದ ಹುಡುಗಿ ಸಹಿ ಹಾಕುವ ದಿನವೇ ಬಿಡಿಸಬೇಕು ಎಂದು ನಿರೀಕ್ಷಿಸುವುದು ಹೇಗೆ?

ನಮ್ಮಂಥವರಿಗೆ ಇನ್ನೂ ಒಂದು ತೊಡಕು ಇದೆ, ಅದು ಕಾನೂನಿನಲ್ಲಿ ಸಿಗುವುದಿಲ್ಲ. ಗುರು ಎಂಬ ಪದವನ್ನು ನಾವು ಎತ್ತರದಲ್ಲಿ ಇಟ್ಟು ಬೆಳೆದವರು. ಅನ್ನ ಕೊಟ್ಟವರ ಋಣವನ್ನೂ ಹಾಗೆಯೇ. ಆರ್‌ಎ ಆದಾಗ ಈ ಎರಡೂ ಒಬ್ಬರೇ ವ್ಯಕ್ತಿಯಲ್ಲಿ ಬಂದು ಕೂರುತ್ತವೆ. ನನ್ನ ಥೀಸಿಸ್ಸಿಗೆ ಸಹಿ ಹಾಕುವವರು ಅವರೇ, ನನ್ನ ಬಾಡಿಗೆ ಕಟ್ಟುವ ಹಣ ಬರುವುದೂ ಅವರ ಗ್ರಾಂಟಿನಿಂದ, ಮುಂದೆ ಕೆಲಸಕ್ಕೆ ಶಿಫಾರಸು ಪತ್ರ ಬರೆಯುವವರೂ ಅವರೇ. ‘ಈ ದಾರಿ ತಪ್ಪು ಅನ್ನಿಸುತ್ತಿದೆ ಸರ್’ ಎಂದು ಗುರುವಿಗೆ ಹೇಳಬಹುದು. ಒಳ್ಳೆಯ ಗುರು ಅದನ್ನು ಕೇಳಿ ಸಂತೋಷಪಡುತ್ತಾರೆ. ಸಂಬಳ ಕೊಡುವವರಿಗೆ ಅದನ್ನು ಹೇಳಲು ಬಾಯಿ ಬರುವುದಿಲ್ಲ. ನನ್ನ ಅಡ್ವೈಸರ್ ಒಳ್ಳೆಯವರು, ಇವತ್ತಿಗೂ ಗೌರವವಿದೆ. ಆದರೂ ಎರಡು ವರ್ಷ ನಾನು ಅವರಿಗೆ ‘ಇಲ್ಲ’ ಎಂದದ್ದು ನೆನಪಿಲ್ಲ.

ಒಂದು ಉದಾಹರಣೆ. ನಮ್ಮ ವೇಗವರ್ಧಕದ ಪ್ರಯೋಗಗಳಲ್ಲಿ ಪ್ರತಿ ಸಲವೂ ಸ್ವಲ್ಪ ಹಳದಿ ಬಣ್ಣದ ಉಪ-ಉತ್ಪನ್ನ ಬರುತ್ತಿತ್ತು. ಅದು ಏನು, ಏಕೆ ಬರುತ್ತದೆ ಎಂದು ನೋಡಬೇಕೆಂಬ ಆಸೆ ನನಗೆ. ಒಮ್ಮೆ ಕೇಳಿದೆ. ‘ಗ್ರಾಂಟಿನಲ್ಲಿ ಬರೆದಿರುವುದು ಅದಲ್ಲ, ಆಮೇಲೆ ನೋಡೋಣ’ ಎಂದರು. ನ್ಯಾಯವಾದ ಮಾತು. ಸರ್ಕಾರಕ್ಕೆ ಒಂದು ಕೆಲಸ ಮಾಡುತ್ತೇನೆಂದು ಹಣ ಪಡೆದವರು ಅದನ್ನೇ ತಾನೆ ಮಾಡಿಸಬೇಕು. ನಾನು ಮತ್ತೆ ಕೇಳಲಿಲ್ಲ.

ನಾಲ್ಕನೇ ವರ್ಷದ ಕೊನೆಯಲ್ಲಿ ಗ್ರಾಂಟ್ ಮುಗಿಯಿತು. ಮುಂದುವರಿಸಲು ಬರೆದ ಪ್ರಸ್ತಾವ ಒಪ್ಪಿಗೆಯಾಗಲಿಲ್ಲ. ಅಡ್ವೈಸರ್ ಬಾಗಿಲು ಮುಚ್ಚಿ ಕೂರಿಸಿ ಹೇಳಿದರು. ಹೇಳುವಾಗ ಅವರ ಮುಖವೂ ಸಣ್ಣದಾಗಿತ್ತು. ಅದು ಮೇ ತಿಂಗಳು. ವಿಭಾಗದಲ್ಲಿ ಟಿಎ ಕೆಲಸ ಇತ್ತು, ಆದರೆ ಅದು ಒಂಬತ್ತು ತಿಂಗಳ ನೇಮಕ, ಆಗಸ್ಟ್‌ನಿಂದ ಶುರು. ನಡುವಿನ ಬೇಸಿಗೆಗೆ ಒಂದು ಪೈಸೆ ಇಲ್ಲ. ವೀಸಾದಿಂದಾಗಿ ಹೊರಗೆ ಹೋಗಿ ದುಡಿಯುವಂತಿಲ್ಲ. ಇಬ್ಬರು ಇರುತ್ತಿದ್ದ ಮನೆಯಲ್ಲಿ ಆ ಬೇಸಿಗೆ ನಾಲ್ವರಿದ್ದೆವು. ನಾನು ನಡುಮನೆಯಲ್ಲಿ ಮಲಗುತ್ತಿದ್ದೆ. ಅಮ್ಮನಿಗೆ ಇದನ್ನು ಹೇಳಿದ್ದು ಊರಿಗೆ ವಾಪಸ್ ಬಂದ ಮೇಲೆ.

ಆಗಸ್ಟ್‌ನಲ್ಲಿ ಮತ್ತೆ ಲ್ಯಾಬ್ ಕೋಟು, ಮತ್ತೆ 48 ರಿಪೋರ್ಟು. ಮೊದಲ ವಾರ ಮುಖ ತೋರಿಸಲು ಸಂಕೋಚವಾಯಿತು. ಎರಡನೇ ವರ್ಷದವರ ಜೊತೆ ಟಿಎ ಮೀಟಿಂಗಿನಲ್ಲಿ ಕೂರಬೇಕಲ್ಲ. ಆದರೆ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಹಗುರತನ ಬಂತು. ಶುಕ್ರವಾರ ಮಾರ್ಕ್ಸ್ ಹಾಕಿ ಎದ್ದರೆ ನಾನು ಯಾರಿಗೂ ಬಾಕಿ ಇಲ್ಲ. ನನ್ನ ಸಂಬಳ ವಿಭಾಗದ್ದು, ಅದನ್ನು ಪಾಠ ಹೇಳಿ ದುಡಿದಿದ್ದೇನೆ. ಅಡ್ವೈಸರ್ ಈಗ ಬರೀ ಗುರು. ಒಂದು ಸೋಮವಾರ ಅವರ ಕೋಣೆಗೆ ಹೋಗಿ, ‘ಆ ಹಳದಿ ವಸ್ತುವಿನ ಹಿಂದೆ ಹೋಗುತ್ತೇನೆ’ ಎಂದೆ. ಎರಡು ವರ್ಷದ ಹಿಂದೆ ‘ಹೋಗಲೇ?’ ಎಂದು ಕೇಳಿದ್ದವನು ನಾನೇ. ಅವರು ಒಂದು ನಿಮಿಷ ಸುಮ್ಮನಿದ್ದು, ‘ಹೋಗು, ಆದರೆ ಎನ್‌ಎಂಆರ್ ಖರ್ಚು ಯಾರು ಕೊಡುತ್ತಾರೆ?’ ಎಂದರು.

ಅದು ಸರಿಯಾದ ಪ್ರಶ್ನೆ. ಟಿಎ ಸ್ವಾತಂತ್ರ್ಯ ಎಂದು ಹೊಗಳುವಾಗ ಇದನ್ನು ಮರೆಯಬಾರದು. ವಸ್ತುವಿನ ಅಣುರಚನೆ ತೋರಿಸುವ ಎನ್‌ಎಂಆರ್‌ನಂಥ ಯಂತ್ರಗಳಿಗೆ ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಬೇಕು, ದ್ರಾವಕಗಳಿಗೆ ಕಟ್ಟಬೇಕು, ಗ್ರಾಂಟಿಲ್ಲದ ವಿದ್ಯಾರ್ಥಿಗೆ ಆ ಖಾತೆಯೇ ಇರುವುದಿಲ್ಲ. ವಿಭಾಗದ ಒಂದು ಸಣ್ಣ ನಿಧಿಯಿಂದ ಅವರು ಹೇಗೋ ಹೊಂದಿಸಿದರು. ನಾನು ರಾತ್ರಿ ದರ ಕಡಿಮೆ ಇದ್ದಾಗ ಯಂತ್ರ ಬುಕ್ ಮಾಡುತ್ತಿದ್ದೆ. ವೇಗ ಅರ್ಧಕ್ಕೆ ಇಳಿಯಿತು. ನನ್ನ ಜೊತೆ ಸೇರಿದ, ಕೊನೆವರೆಗೂ ಆರ್‌ಎ ಇದ್ದ ಗೆಳೆಯ ಐದು ವರ್ಷಕ್ಕೆ ಮುಗಿಸಿ ಹೋದ. ನನಗೆ ಆರೂವರೆ ಬೇಕಾಯಿತು. ಆದರೆ ಆ ಹಳದಿ ವಸ್ತು ನನ್ನ ಥೀಸಿಸ್ಸಿನ ಮೂರನೇ ಅಧ್ಯಾಯವಾಯಿತು. ಅದೊಂದು ಅಧ್ಯಾಯದ ಪ್ರಶ್ನೆ ನನ್ನದು. ಇವತ್ತು ಯಾರಾದರೂ ನನ್ನ ಸಂಶೋಧನೆಯ ಬಗ್ಗೆ ಕೇಳಿದರೆ ನಾನು ಶುರುಮಾಡುವುದು ಅಲ್ಲಿಂದಲೇ.

2017ರ ನವೆಂಬರ್‌ನಲ್ಲಿ ಥೀಸಿಸ್ ಬರೆಯುತ್ತಿದ್ದಾಗ ಇನ್ನೊಂದು ಪೆಟ್ಟು ಹತ್ತಿರ ಬಂದು ಹೋಯಿತು. ಅಮೆರಿಕದ ಸಂಸತ್ತಿನ ಕೆಳಮನೆ ಅಂಗೀಕರಿಸಿದ ತೆರಿಗೆ ಮಸೂದೆಯಲ್ಲಿ, ಟಿಎ–ಆರ್‌ಎಗಳಿಗೆ ಸಿಗುವ ಟ್ಯೂಷನ್ ಮಾಫಿಯನ್ನೂ ಆದಾಯವೆಂದು ಲೆಕ್ಕಹಾಕುವ ಅಂಶವಿತ್ತು. ಕೈಗೆ ಬಾರದ, ಬರೀ ಕಾಗದದ ಮೇಲಿನ ಹಣಕ್ಕೆ ತೆರಿಗೆ! ಅನೇಕ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಡಿಸೆಂಬರ್‌ನಲ್ಲಿ ಕಾನೂನಾದಾಗ ಆ ಅಂಶ ಬಿದ್ದುಹೋಗಿತ್ತು. ಮಾತನಾಡಿದ್ದಕ್ಕೇ ಅದು ಬಿದ್ದದ್ದು ಎಂದು ನಾನು ನಂಬುತ್ತೇನೆ. ವಿಸ್ಕಾನ್ಸಿನ್–ಮ್ಯಾಡಿಸನ್‌ನ ಟಿಎಗಳು 1970ರಲ್ಲೇ ಮುಷ್ಕರ ಮಾಡಿ ಮೊದಲ ಒಪ್ಪಂದ ಪಡೆದವರು. 2022ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲ್ಲ ಕ್ಯಾಂಪಸ್‌ಗಳಲ್ಲಿ ಸುಮಾರು 48,000 ಮಂದಿ ಕೆಲಸ ನಿಲ್ಲಿಸಿದರು. ಟಿಎ, ಆರ್‌ಎ, ಪಿಎಚ್‌.ಡಿ ಮುಗಿಸಿ ಸಂಶೋಧನೆ ಮುಂದುವರಿಸುವ ಪೋಸ್ಟ್‌ಡಾಕ್ ಎಲ್ಲರೂ. ಒಂಬತ್ತು ತಿಂಗಳಿಗೆ ಸುಮಾರು 23,000 ಡಾಲರ್ ಇದ್ದ ಟಿಎಗಳ ಕನಿಷ್ಠ ಸಂಬಳ 2024ರ ಅಕ್ಟೋಬರ್ ಹೊತ್ತಿಗೆ 34,000ಕ್ಕೆ ಏರುವಂತೆ ಒಪ್ಪಂದವಾಯಿತು. ಈಗ ಸೇರುವವರು ಪಡೆಯುವ ಸ್ಟೈಪೆಂಡಿನ ಹಿಂದೆ ಹೀಗೆ ಬೀದಿಯಲ್ಲಿ ನಿಂತವರ ದಿನಗಳಿವೆ.

ಸೋದರಸೊಸೆಗೆ ಕೊನೆಯಲ್ಲಿ ಬರೆದದ್ದು ಇಷ್ಟು. ಯಾವ ಪತ್ರದಲ್ಲಿ ಎಷ್ಟು ಸಾವಿರ ಎಂಬುದನ್ನು ಆಮೇಲೆ ನೋಡು. ಆ ಹಣ ಎಲ್ಲಿಂದ ಬರುತ್ತದೆ, ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲು ಕೇಳು. ಗ್ರಾಂಟ್ ಯಾವ ತಿಂಗಳು ಮುಗಿಯುತ್ತದೆ? ಮುಗಿದರೆ ವಿಭಾಗ ಟಿಎ ಕೊಡುವುದಾಗಿ ಬರೆದುಕೊಡುತ್ತದೆಯೇ, ಬರೀ ಬಾಯಿಮಾತೇ? ಬೇಸಿಗೆಯ ಮೂರು ತಿಂಗಳ ಕಥೆ ಏನು? ಟ್ಯೂಷನ್ ಮಾಫಿ ಎಂದರೂ ‘ಫೀಸ್’ ಎಂದು ಬೇರೆ ಇರುತ್ತದೆ, ಅದು ಸೆಮಿಸ್ಟರ್‌ಗೆ ನೂರಾರು ಡಾಲರ್ ಇರಬಹುದು, ಅದನ್ನೂ ಕೇಳು. ಮೊದಲ ಸಂಬಳ ಕೈಸೇರಲು, ಅಲ್ಲಿ ಸಂಬಳ–ತೆರಿಗೆಯ ಲೆಕ್ಕಕ್ಕೆ ಬೇಕಾದ ಸೋಶಿಯಲ್ ಸೆಕ್ಯುರಿಟಿ ನಂಬರ್ ಇತ್ಯಾದಿ ಆಗಿ ಒಂದೂವರೆ ತಿಂಗಳು ಹಿಡಿಯಬಹುದು, ಅಲ್ಲಿಯವರೆಗಿನ ಖರ್ಚು ಕೈಯಲ್ಲಿರಲಿ. ಎಫ್-1 ಮೇಲಿರುವವರಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಸಂಬಳದಿಂದ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ (ಅಲ್ಲಿನ ಪಿಂಚಣಿ, ವೃದ್ಧರ ಆರೋಗ್ಯ ವಿಮೆ) ತೆರಿಗೆಯ ಶೇ 7.65 ಕಡಿಯುವಂತಿಲ್ಲ; ತಪ್ಪಿ ಕಡಿದಿದ್ದರೆ ವಾಪಸ್ ಕೇಳು. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದ ಒಂದು ನಿಗದಿತ ಭಾಗಕ್ಕೆ ತೆರಿಗೆ ವಿನಾಯಿತಿ) ಪಡೆಯಬಹುದು, ಇತರ ಬಹುಪಾಲು ದೇಶದವರಿಗೆ ಅದಿಲ್ಲ. ನನಗೆ ಇದು ತಿಳಿದದ್ದು ಎರಡನೇ ವರ್ಷ, ಒಬ್ಬ ಸೀನಿಯರ್ ಅಕ್ಕ ಹೇಳಿದ ಮೇಲೆ.

ಈ ವರ್ಷಗಳಲ್ಲಿ ಗ್ರಾಂಟಿನ ನೆಲವೇ ಅಲುಗಾಡುತ್ತಿದೆ ಎಂಬುದನ್ನೂ ಬರೆದೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಓವರ್‌ಹೆಡ್ ಅನ್ನು ಶೇ 15ಕ್ಕೆ ಇಳಿಸುವುದಾಗಿ ಘೋಷಿಸಿದಾಗ ಕೋರ್ಟುಗಳು ತಡೆದವು. ಅಷ್ಟರಲ್ಲೇ ಕೆಲವು ಕಡೆ ಪಿಎಚ್‌.ಡಿ ಸೀಟುಗಳು ಕಡಿಮೆಯಾದವು. ಒಬ್ಬರ ಗ್ರಾಂಟಿನ ಮೇಲೆ ಇಡೀ ಐದು ವರ್ಷ ಕಟ್ಟುವ ಮೊದಲು ಒಮ್ಮೆ ನಿಲ್ಲಬೇಕು. ನನ್ನ ಮನಸ್ಸು ಮೊದಲ ವರ್ಷವಾದರೂ ಟಿಎ ಕಡೆಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಗುರುವನ್ನು ಗುರುವಾಗಿ ನೋಡಿ, ಆಮೇಲೆ ಯಜಮಾನರಾಗಿ ಒಪ್ಪಿಕೊಳ್ಳಲು ಅಷ್ಟು ಸಮಯ ಬೇಕು.

ಅವಳು ಎರಡೂ ಕಡೆಗೆ ಪ್ರಶ್ನೆ ಕಳಿಸಿದಳು. ಟಿಎ ಕೊಟ್ಟ ವಿಭಾಗದಿಂದ ಅದೇ ದಿನ ಉತ್ತರ ಬಂತು, ಅಚ್ಚುಕಟ್ಟಾಗಿ: ಒಂಬತ್ತು ತಿಂಗಳು, ಬೇಸಿಗೆಗೆ ಖಾತ್ರಿ ಇಲ್ಲ, ಐದು ವರ್ಷದವರೆಗೆ ಟಿಎ ಖಾತ್ರಿ. ಪ್ರೊಫೆಸರ್ ಎರಡು ದಿನ ಬಿಟ್ಟು ಉದ್ದನೆಯ ಇಮೇಲ್ ಬರೆದರು. ಗ್ರಾಂಟ್ ಮುಂದಿನ ವರ್ಷದ ಆಗಸ್ಟ್‌ಗೆ ಮುಗಿಯುತ್ತದೆ, ಹೊಸದಕ್ಕೆ ಅರ್ಜಿ ಹಾಕಿದ್ದೇನೆ, ಸಿಗದಿದ್ದರೆ ನಿನ್ನನ್ನು ಲ್ಯಾಬಿನಲ್ಲಿ ಇಟ್ಟುಕೊಳ್ಳುತ್ತೇನೆ, ಆದರೆ ಸಂಬಳಕ್ಕೆ ವಿಭಾಗದ ಟಿಎ ಹುಡುಕಬೇಕಾಗುತ್ತದೆ, ಅದನ್ನು ನಾನು ಮಾತು ಕೊಡಲಾರೆ ಎಂದು.

ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ‘ಮಾಮ, ಇಷ್ಟು ನಿಜ ಹೇಳಿದ್ದಾರಲ್ಲ, ಅದಕ್ಕೇ ಇವರ ಹತ್ರಾನೇ ಹೋಗಬೇಕು ಅನ್ನಿಸ್ತಿದೆ’ ಎಂದಳು. ನಾನು ಅಷ್ಟೆಲ್ಲ ಬರೆದದ್ದಕ್ಕೆ ಹೀಗೊಂದು ಉತ್ತರ ಬರಬಹುದೆಂದು ಎಣಿಸಿರಲಿಲ್ಲ. ಆದರೆ ಅವಳ ಮಾತನ್ನು ತೆಗೆದುಹಾಕಲೂ ಆಗಲಿಲ್ಲ. ಮೊದಲ ವರ್ಷ ತಮ್ಮ ವಿಭಾಗದಲ್ಲೇ ಟಿಎ ಮಾಡಿ ಆಮೇಲೆ ಲ್ಯಾಬಿಗೆ ಬರಬಹುದೇ ಎಂದು ಅವರನ್ನೇ ಕೇಳಿದ್ದಾಳೆ. ಏಪ್ರಿಲ್ 15ರವರೆಗೆ ಉತ್ತರಕ್ಕೆ ಒತ್ತಾಯಿಸುವುದಿಲ್ಲ ಎಂದು ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಒಂದು ನಿರ್ಣಯಕ್ಕೆ ಸಹಿ ಹಾಕಿವೆ, ಇವೆರಡೂ ಆ ಪಟ್ಟಿಯಲ್ಲಿವೆ. ಇನ್ನೂ ನಾಲ್ಕು ದಿನ ಇದೆ. ಅಕ್ಕ ಹಿಂದಿನಿಂದ ಕೂಗಿ ಕೇಳುತ್ತಿದ್ದಳು, ಬೇಸಿಗೆಯಲ್ಲಿ ದುಡ್ಡು ಬರುತ್ತೋ ಇಲ್ವೋ ಅದನ್ನ ಬರೆಸ್ಕೊಂಡಳಾ ಅಂತ.